ಬಾಲದಿಂದ ಶುರುವಾದ ವಿಮಾನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ಮೊದಲ ತಂಡದ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಮನೆಗೆ ಬಂದು, "ನೀವು ಹಿತ್ತಲಲ್ಲಿ ವಿಮಾನ ಕಟ್ತಿದ್ದೀರಲ್ಲ, ಅದನ್ನ ಶುರು ಮಾಡೋದು ಹೇಗೆ ಅಂತ ಅರ್ಧ ಗಂಟೆ ಮಾತಾಡಿ" ಅಂದರು. ಒಪ್ಪಿಕೊಂಡೆ. ಊರಿನಲ್ಲಿ ನನ್ನ ಬಗ್ಗೆ ಎರಡು ಸುದ್ದಿ ಓಡಾಡುತ್ತಿವೆ. ಬರುವ ರಾಜ್ಯೋತ್ಸವಕ್ಕೆ ಈ ಶಾಲಾ ಮೈದಾನದಿಂದಲೇ ನಾನು ಹಾರುತ್ತೇನೆ ಅನ್ನುವುದು ಒಂದು. ರಿಟೈರಾದ ಮೇಲೆ ಇವನಿಗೆ ತಲೆ ಕೆಟ್ಟಿದೆ ಅನ್ನುವುದು ಇನ್ನೊಂದು. ಮೊದಲನೆಯದು ಖಂಡಿತ ಸುಳ್ಳು. ಎರಡನೆಯದನ್ನು ನಮ್ಮ ಮನೆಯವರನ್ನು ಕೇಳಿ. ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ನಿಜ ಹೇಳುತ್ತೇನೆ. ನನ್ನ ವಿಮಾನಕ್ಕೆ ಇನ್ನೂ ರೆಕ್ಕೆ ಇಲ್ಲ, ಎಂಜಿನ್ ಇಲ್ಲ, ಚಕ್ರವೂ ಇಲ್ಲ. ಬಾಲ ಮಾತ್ರ ಮುಗಿದಿದೆ. ಐದು ವರ್ಷಕ್ಕೆ ಒಂದು ಬಾಲ. ಹಾಗಾಗಿ ಹಾರುವುದರ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ಶುರು ಮಾಡುವುದರ ಬಗ್ಗೆ ಮಾತ್ರ ಸ್ವಲ್ಪ ಇದೆ. ಏಕೆಂದರೆ ನಾನು ಎರಡು ಸಲ ಶುರು ಮಾಡಿದ್ದೇನೆ. ಎರಡನೆಯ ಸಲ ಯಾಕೆ ಮಾಡಬೇಕಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಕಿಟ್ ವಿಮಾನ ಎಂದರೆ ಏನು ಎಂದು ಮಕ್ಕಳು ಕೇಳುತ್ತಾರೆ. ಪೆಟ್ಟಿಗೆ ತೆರೆದರೆ ವಿಮಾನ ಬರುವುದಿಲ್ಲ. ಅಳತೆಗೆ ಕತ್ತರಿಸಿದ ಅಲ್ಯೂಮಿನಿಯಂ ತಗಡು, ಬಗ್ಗಿಸಿದ ಪಕ್ಕೆಗಳು, ಉದ್ದನೆಯ ತೊಲೆಗಳು, ಸಾವಿರಾರು ರಿವೆಟ್ಟು, ಬೋಲ್ಟು, ನಟ್ಟು, ಒಂದು ಕಟ್ಟು ನಕ್ಷೆ, ಒಂದು ದಪ್ಪ ಸೂಚನಾ ಪುಸ್ತಕ ಬರುತ್ತವೆ. ಜೋಡಿಸುವುದು ನಮ್ಮ ಕೆಲಸ. ಇಬ್ಬರು ಕೂರುವ ಸಾಧಾರಣ ವಿಮಾನಕ್ಕೆ ಎರಡು ಸಾವಿರ ಗಂಟೆಯ ಕೆಲಸ ಎಂದು ಲೆಕ್ಕ ಹಿಡಿಯಿರಿ. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ತಪ್ಪದೆ ಮಾಡಿದರೂ ಮೂರು ವರ್ಷಕ್ಕೆ ಹತ್ತಿರ. ನಮ್ಮಲ್ಲಿ ಮದುವೆ, ತಿಥಿ, ಜಾತ್ರೆ, ಕಾಯಿ ಕೀಳುವುದು, ಕರೆಂಟು ಹೋಗುವುದು ಎಲ್ಲ ಸೇರಿಸಿದರೆ ಎಷ್ಟಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ.

ಇದು ಯಾರೋ ತಿಕ್ಕಲರ ಕೆಲಸವಲ್ಲ. 1903ರ ಡಿಸೆಂಬರ್ 17ರಂದು ಮೊದಲು ಹಾರಿದ ರೈಟ್ ಸಹೋದರರು ಸೈಕಲ್ ಅಂಗಡಿಯವರು. ಅವತ್ತಿನ ಮೊದಲ ಹಾರಾಟ 12 ಸೆಕೆಂಡು, ದೂರ ಸುಮಾರು 36 ಮೀಟರು. ನಮ್ಮ ಕಬಡ್ಡಿ ಅಂಕಣದಿಂದ ನೀರಿನ ಟ್ಯಾಂಕಿನವರೆಗೆ, ಅಷ್ಟೇ. ಮನೆಯಲ್ಲಿ ವಿಮಾನ ಕಟ್ಟುವವರು 1953ರಲ್ಲಿ ಅಮೆರಿಕದಲ್ಲಿ ಒಂದು ಸಂಘ ಮಾಡಿಕೊಂಡರು. ಆ ಸಂಘದವರು ಈಗ ಪ್ರತಿ ಬೇಸಿಗೆ ಆಷ್‌ಕಾಶ್ ಎಂಬ ಊರಿನಲ್ಲಿ ಸೇರುತ್ತಾರೆ. ಅದೊಂದು ವಿಮಾನಗಳ ಜಾತ್ರೆ. ಅಲ್ಲಿಯ ನಿಯಮದ ಪ್ರಕಾರ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ, ಕಲಿಕೆಗೋ ಸಂತೋಷಕ್ಕೋ ಮಾಡಿರಬೇಕು. ಆರ್‌.ವಿ. ಎಂಬ ಒಂದೇ ಸರಣಿಯ ವಿಮಾನಗಳು ಹೀಗೆ ಮನೆಗಳಲ್ಲಿ ತಯಾರಾಗಿ ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ.

"ಅದು ಅಮೆರಿಕ ಕಣಪ್ಪ, ನಮ್ಮ ಕಥೆ ಹೇಳು" ಅನ್ನುತ್ತೀರಿ. ಹೇಳುತ್ತೇನೆ. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಶುರು ಮಾಡಿದಾಗ, ಮಾರನೆಯ ವರ್ಷ ಅಲ್ಲಿಂದ ಮೊದಲು ಹಾರಿದ್ದು ಹಾರ್ಲೋ ಎಂಬ ತರಬೇತಿ ವಿಮಾನ. ಅದರ ಬಿಡಿಭಾಗಗಳು ಅಮೆರಿಕದಿಂದ ಹಡಗಿನಲ್ಲಿ ಬಂದವು, ಜೋಡಿಸಿದ್ದು ಇಲ್ಲಿ. ಅಷ್ಟು ದೊಡ್ಡ ಕಾರ್ಖಾನೆ ಕೂಡ ಮೊದಲು ಬೇರೆಯವರ ನಕ್ಷೆ ನೋಡಿಕೊಂಡು ಜೋಡಿಸುವುದನ್ನು ಕಲಿತೇ ಮುಂದೆ ಹೋಯಿತು. ಹತ್ತು ವರ್ಷ ಕಳೆದು, 1951ರಲ್ಲಿ, ಘಾಟಗೆಯವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸ ಮಾಡಿದ ಎಚ್‌.ಟಿ.-2 ಹಾರಿತು.

ಎಂಬತ್ತರ ದಶಕದ ಒಂದು ಕಥೆ ನನಗೆ ಇನ್ನೂ ಪ್ರಿಯ. ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಗಾರ ಲಾಂಗ್-ಈಜ಼ೀ ಎಂಬ ವಿಮಾನದ ನಕ್ಷೆಗಳನ್ನು ಮನೆಯಲ್ಲಿ ಕಟ್ಟುವವರಿಗೆ ಮಾರುತ್ತಿದ್ದ. ಫೋಮ್ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಅಂಟು ಬಳಿದು ಗಟ್ಟಿ ಮಾಡುವ ವಿಮಾನ ಅದು. ಚಿಕ್ಕ ರೆಕ್ಕೆ ಮುಂದೆ, ಎಂಜಿನ್ ಹಿಂದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌.ಎ.ಎಲ್‌.ನವರು, ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ಒಂದು ಸಂಶೋಧನಾ ವಿಮಾನ ಕಟ್ಟಿದರು. ಆ ಕೆಲಸದಿಂದ ಕೈಗೆ ಬಂದ ವಿದ್ಯೆ ಮುಂದೆ 1993ರಲ್ಲಿ ಹಾರಿದ ಹಂಸ ಎಂಬ ತರಬೇತಿ ವಿಮಾನಕ್ಕೂ ದಾರಿಯಾಯಿತು. ಆ ಚಿಕ್ಕ ವಿಮಾನದ ಆಕಾರದಿಂದಲೇ ಆಮೇಲೆ ಡಿ.ಆರ್‌.ಡಿ.ಒ.ದವರು ಪೈಲಟ್ ಇಲ್ಲದೆ ಹಾರುವ ವಿಮಾನ ಮಾಡಿದರು. ಹೆಸರು ರುಸ್ತುಂ. ಆ ಪ್ರೊಫೆಸರರ ಹೆಸರೇ. ಮನೆಯಲ್ಲಿ ಕಟ್ಟುವವರಿಗೆಂದು ಬರೆದ ನಕ್ಷೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಬೆಂಗಳೂರಿನಲ್ಲೇ ರಾಜ್ ಹಂಸ ಎಂಬ ಸಂಸ್ಥೆ ಎಕ್ಸ್-ಏರ್ ಎಂಬ ಹಗುರ ವಿಮಾನವನ್ನು ತಯಾರಿಸಿ, ಬಿಡಿಭಾಗಗಳ ಕಿಟ್ಟಾಗಿ ಯೂರೋಪು, ಅಮೆರಿಕಗಳಿಗೂ ಕಳಿಸಿತು. ಅಲ್ಲಿಯ ಯಾರೋ ತಾತ ತನ್ನ ಶೆಡ್ಡಿನಲ್ಲಿ ನಮ್ಮ ಬೆಂಗಳೂರಿನ ಪೆಟ್ಟಿಗೆ ಬಿಚ್ಚಿ ವಿಮಾನ ಜೋಡಿಸಿದ್ದಾನೆ. ಮುಂಬೈಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2017ರ ಕೊನೆಯಲ್ಲಿ ಅದಕ್ಕೆ ನೋಂದಣಿ ಸಿಕ್ಕಿತು. ಇನ್ನು ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದದ್ದು ನಿಮಗೆಲ್ಲ ಗೊತ್ತು. ತಾಲ್ಲೂಕಿನ ಹೆಸರೇ ಗುಬ್ಬಿ. ನಾವು ಹಾರುವ ಯೋಚನೆ ಮಾಡದೆ ಇನ್ನಾರು ಮಾಡಬೇಕು?

ಈಗ ನನ್ನ ವಿಷಯ. ಈ ಶಾಲೆಗೆ ಎಂಟನೇ ತರಗತಿಗೆ ಮೊದಲ ವರ್ಷ ಸೇರಿದವರಲ್ಲಿ ನಾನೊಬ್ಬ. ಆಗ ಶಾಲೆಗೆ ಕಟ್ಟಡ ಇರಲಿಲ್ಲ, ಗುಡಿಯ ಜಗುಲಿಯ ಮೇಲೆ ಪಾಠ. ಆ ವರ್ಷವೇ ಮೊದಲ ಎರಡು ಕೋಣೆ ಎದ್ದವು. ನಾವು ಹುಡುಗರು ನೀರು ಹೊತ್ತೆವು, ಮರಳು ಜರಡಿ ಹಿಡಿದೆವು. ಉಪ್ಪಾರರು ಒಂದು ಕಾಲಕ್ಕೆ ಉಪ್ಪು ತೆಗೆದವರು, ಆಮೇಲೆ ಮಣ್ಣು ಕೆಲಸ, ಗೋಡೆ ಕೆಲಸ ಹಿಡಿದವರು. ನಮ್ಮ ಊರಿನ ಹೆಸರಿನಲ್ಲೇ ಕಟ್ಟುವ ಕಸುಬಿದೆ. ನಮ್ಮಪ್ಪನೂ ಗಾರೆ ಕೆಲಸದವರು. ನಿಮ್ಮ ಎಡಕ್ಕೆ ಕಾಣುವ ಆ ಹಳೆಯ ಕೋಣೆಯ ಉತ್ತರದ ಗೋಡೆ ಅವರ ಕೈಯದು.

ಆ ಗೋಡೆ ಸೊಂಟದ ಎತ್ತರಕ್ಕೆ ಬಂದಾಗ ಒಂದು ಸಂಜೆ ಅಪ್ಪ ತೂಗುಗುಂಡು ಇಳಿಬಿಟ್ಟು ನೋಡಿದರು. ಒಂದು ಕಡೆ ಅರ್ಧ ಅಂಗುಲ ಓರೆ. ಜೊತೆಯಲ್ಲಿದ್ದವರು, "ಬಿಡೋ ಮಾರಾಯ, ಗಿಲಾವು ಮಾಡುವಾಗ ಮುಚ್ಚಿಹೋಗ್ತದೆ" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಬೆಳಗ್ಗೆ ನಾವು ಬಂದು ನೋಡಿದರೆ ಮೂರು ಸಾಲು ಕಿತ್ತು ಕೆಳಗಿಟ್ಟಿದ್ದರು. "ಯಾಕಪ್ಪ?" ಅಂತ ಕೇಳಿದೆ. "ಗಿಲಾವು ಮುಚ್ಚುತ್ತದೆ ಕಣೋ, ಹೊರೋದಿಲ್ಲ" ಅಂದರು. ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಮೂರು ಸಾಲು ಕಲ್ಲಿಗೆ ಮತ್ತೆ ನೀರು ಹೊರಬೇಕಲ್ಲ ಎಂದು ಬೇಜಾರಾಯಿತು ಅಷ್ಟೆ.

ಎಸ್‌.ಎಸ್‌.ಎಲ್‌.ಸಿ. ಮುಗಿಸಿ, ತುಮಕೂರಿನಲ್ಲಿ ಐ.ಟಿ.ಐ. ಮಾಡಿ, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ತಗಡಿನ ಕೆಲಸದ ಫಿಟ್ಟರ್ ಆದೆ. ಐವತ್ತೆಂಟಕ್ಕೆ ನಿವೃತ್ತಿಯಾಗಿ ಊರಿಗೆ ಬಂದೆ. ಹಿತ್ತಲಿನಲ್ಲಿ ಕೊಬ್ಬರಿ ಶೆಡ್ಡು ಖಾಲಿ ಇತ್ತು. ತಲೆಯಲ್ಲಿ ಮೂವತ್ತು ವರ್ಷದ ಆಸೆ ಇತ್ತು. ಶುರು ಮಾಡಬೇಕು ಎಂದು ಹೊರಟಾಗ ಒಂದು ವರ್ಷ ಬರೀ ಕಾಗದದ ಮೇಲೆ ಕಳೆಯಿತು. ಅದು ವ್ಯರ್ಥ ಎಂದು ಆಗ ಅನ್ನಿಸಿತ್ತು. ಈಗ ಹೇಳುತ್ತೇನೆ, ಆ ವರ್ಷವೇ ನನ್ನ ಹಣ ಉಳಿಸಿತು. ಆಸೆ ಇರುವವರಿಗಾಗಿ, ನಾನು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಯಾವ ವಿಮಾನ ಎನ್ನುವುದಕ್ಕಿಂತ ಮೊದಲು ಯಾಕೆ ಎಂದು ಕೇಳಿಕೊಳ್ಳಿ. ಹಾರಬೇಕು ಎಂಬ ಆಸೆ ಮಾತ್ರ ಇದ್ದರೆ ಜಕ್ಕೂರಿಗೆ ಹೋಗಿ ಹಾರುವುದನ್ನು ಕಲಿಯಿರಿ. ಅದೇ ಹತ್ತಿರದ ದಾರಿ. ಕಟ್ಟುವುದೇ ಇಷ್ಟ ಎಂದರೆ ಮಾತ್ರ ಕಟ್ಟಬೇಕು. ಏಕೆಂದರೆ ಹಾರುವುದು ಕೊನೆಯಲ್ಲಿ ಒಂದಿಷ್ಟು ಗಂಟೆ, ಕಟ್ಟುವುದು ವರ್ಷಗಟ್ಟಲೆ.

ಎರಡನೆಯದು, ಕಾನೂನು. ತಗಡು ಕೊಳ್ಳುವ ಮುಂಚೆ ಕಾಗದ ನೋಡಬೇಕು. ನಮ್ಮ ದೇಶದಲ್ಲಿ ವಿಮಾನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ.ಯಲ್ಲಿ ನೋಂದಣಿಯಾಗಬೇಕು; ಹಾರಲು ಅವರ ಅನುಮತಿ ಬೇಕು. ವಿ.ಟಿ. ಎಂಬ ಎರಡು ಅಕ್ಷರದಿಂದ ಶುರುವಾಗುವ ಗುರುತು ಆಮೇಲೆ ಸಿಗುತ್ತದೆ. ಕಟ್ಟಿ ಮುಗಿಸಿದ ಮೇಲೆ ಕೇಳೋಣ ಎಂದರೆ, ಒಳಗೆ ಏನು ಮಾಡಿದ್ದೀರಿ ಎಂದು ತೋರಿಸಲು ಬಿಚ್ಚಬೇಕಾಗುತ್ತದೆ. ಮೊದಲೇ ಬರೆದು ಕೇಳಿ. ಉತ್ತರ ತಡವಾದರೂ ಕಾಯಿರಿ.

ಮೂರನೆಯದು, ಹಣ. ಇಡೀ ಕಿಟ್ಟನ್ನು ಒಮ್ಮೆಗೇ ಕೊಳ್ಳಬೇಡಿ. ಅನೇಕ ಕಿಟ್ಟುಗಳು ಬಾಲ, ರೆಕ್ಕೆ, ಮೈ, ಕೊನೆಯ ಸಾಮಾನು ಎಂದು ಭಾಗಭಾಗವಾಗಿ ಸಿಗುತ್ತವೆ. ಬಾಲದಿಂದ ಶುರು ಮಾಡಿ. ಅದು ಎಲ್ಲಕ್ಕಿಂತ ಚಿಕ್ಕದು, ಅಗ್ಗದ್ದು, ಆದರೆ ಮುಂದೆ ಬೇಕಾಗುವ ಕೈಕೆಲಸದ ಬಹುಪಾಲು ಅದರಲ್ಲೇ ಇದೆ. ಬಾಲ ಕಟ್ಟಿದ ಮೇಲೂ ಆಸೆ ಉಳಿದಿದ್ದರೆ ರೆಕ್ಕೆ ತರಿಸಿ. ಎಂಜಿನ್ ಕೊನೆಗೆ. ಒಂದು ಹೊಸ ಎಂಜಿನ್ನಿನ ಬೆಲೆಗೆ ಒಳ್ಳೆಯ ಕಾರು ಬರುತ್ತದೆ. ಅದನ್ನು ಮೊದಲೇ ತಂದು ಶೆಡ್ಡಿನಲ್ಲಿ ಇಟ್ಟರೆ ತುಕ್ಕು ಹಿಡಿಯುತ್ತದೆ, ಗ್ಯಾರಂಟಿಯೂ ಮುಗಿಯುತ್ತದೆ.

ನಾಲ್ಕನೆಯದು, ಮನೆಯವರು. ನಮ್ಮ ಮನೆಯವರು ಮೂರು ಷರತ್ತು ಹಾಕಿದರು. ಮಗಳ ಹೆಸರಿನ ಹಣ ಮುಟ್ಟಬಾರದು. ಒಂದು ಪೆಟ್ಟಿಗೆಯ ಕೆಲಸ ಮುಗಿಯದೆ ಇನ್ನೊಂದು ಪೆಟ್ಟಿಗೆ ತರಿಸಬಾರದು. ಮೊದಲ ಹಾರಾಟ ನಾನು ಮಾಡಬಾರದು, ಅನುಭವಿ ಪೈಲಟ್ ಮಾಡಬೇಕು. ನಾನು ಆಗ ಮುಖ ಸಣ್ಣ ಮಾಡಿಕೊಂಡೆ. ಆಮೇಲೆ ತಿಳಿದವರನ್ನು ಕೇಳಿದರೆ, ಈ ಮೂರರಲ್ಲಿ ಯಾವುದನ್ನೂ ಅವರು ತೆಗೆಯಲಿಲ್ಲ. ಅಮೆರಿಕದಲ್ಲಿ ಕೂಡ ಹೊಸದಾಗಿ ಕಟ್ಟಿದ ವಿಮಾನವನ್ನು ಸಾಮಾನ್ಯವಾಗಿ 25 ಅಥವಾ 40 ಗಂಟೆ ಪರೀಕ್ಷೆಗೆಂದೇ ಹಾರಿಸುತ್ತಾರೆ. ಆ ಗಂಟೆಗಳು ಮುಗಿಯುವವರೆಗೆ ಯಾರನ್ನೂ ಸವಾರಿಗೆ ಕೂರಿಸಿಕೊಳ್ಳುವಂತಿಲ್ಲ.

ಐದನೆಯದು, ಜಾಗ. ಶೆಡ್ಡಿನ ಉದ್ದ ಅಗಲ ಅಳೆಯುವಾಗ ಬಾಗಿಲನ್ನೂ ಅಳೆಯಿರಿ. ಒಳಗೆ ಕಟ್ಟಿದ್ದು ಹೊರಗೆ ಬರಬೇಕಲ್ಲ. ಕೆಲಸದ ಮೇಜು ಮಟ್ಟವಾಗಿರಬೇಕು. ಮೇಜು ತಿರುಚಿದ್ದರೆ ಅದರ ಮೇಲೆ ಕಟ್ಟಿದ ಬಾಲವೂ ತಿರುಚುತ್ತದೆ. ರಿವೆಟ್ ಹೊಡೆದ ಮೇಲೆ ಅದನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ನನ್ನ ಮೇಜನ್ನು ಅಪ್ಪನ ರಸಮಟ್ಟದಿಂದ ಮಟ್ಟ ಮಾಡಿದೆ. ಬಾಲ ನೆಟ್ಟಗಿದೆಯೇ ಎಂದು ನೋಡಲು ಸೂರಿನಿಂದ ಇಳಿಬಿಟ್ಟದ್ದೂ ಅವರದೇ ತೂಗುಗುಂಡು. ವಿಮಾನ ಕಟ್ಟುವವರು ಇವತ್ತಿಗೂ ಬಳಸುವ ಸಲಕರಣೆ ಅದು.

ಪೆಟ್ಟಿಗೆ ಬಂದ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಲಾರಿ ಹತ್ತಿದ ಪೆಟ್ಟಿಗೆ ಎರಡು ದಿನವಾದರೂ ಬರಲಿಲ್ಲ. ಮೂರನೆಯ ದಿನ ಒಂದು ಫೋನು: "ಸಾರ್, ನಿಮ್ಮ ಬೋರ್‌ವೆಲ್ ಪಂಪು ನಮ್ಮೂರಿಗೆ ಬಂದೈತೆ." ಡ್ರೈವರು ಕುಣಿಗಲ್ ಕಡೆಯ ಉಪ್ಪಾರಹಳ್ಳಿಗೆ ಹೋಗಿ ಇಳಿಸಿದ್ದ! ತುಮಕೂರು ಪಟ್ಟಣದಲ್ಲೊಂದು, ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಉಪ್ಪಾರಹಳ್ಳಿ ಇದ್ದರೆ ಪಾಪ ಅವನೇನು ಮಾಡುತ್ತಾನೆ? ಆ ಊರಿನವರು ಪೆಟ್ಟಿಗೆಯ ಮೇಲೆ ಟಾರ್ಪಾಲು ಹೊದಿಸಿ, ಮಳೆ ಬೀಳದಂತೆ ನೋಡಿಕೊಂಡು, ನಾನು ಹೋದಾಗ ಊಟ ಹಾಕಿಸಿ ಕಳಿಸಿದರು. ಒಳಗಿರುವುದು ವಿಮಾನದ ಬಾಲ ಎಂದಾಗ ಒಬ್ಬ ಅಜ್ಜಿ, "ಹಂಗಾದ್ರೆ ತಲೆ ಯಾವೂರಿಗೆ ಹೋಯ್ತೋ?" ಅಂದರು.

ಪೆಟ್ಟಿಗೆ ಬಂದ ಕೂಡಲೇ ಕೆಲಸಕ್ಕೆ ಇಳಿಯಬಾರದು. ಎಣಿಸಬೇಕು. ಪಟ್ಟಿ ಹಿಡಿದು ಪ್ರತಿ ತಗಡು, ಪ್ರತಿ ಬೋಲ್ಟು ಎಣಿಸಿ, ಗಾತ್ರಕ್ಕೆ ತಕ್ಕಂತೆ ಡಬ್ಬಿಗಳಲ್ಲಿ ಹಾಕಿ ಹೆಸರು ಬರೆಯಬೇಕು. ಆ ಕೆಲಸಕ್ಕೆ ಈ ಶಾಲೆಯ ನಾಲ್ಕು ಮಕ್ಕಳು, ಶನಿವಾರ ಬೆಳಗಿನ ತರಗತಿ ಮುಗಿಸಿಕೊಂಡು, ತಂದೆತಾಯಿಯ ಒಪ್ಪಿಗೆಯಿಂದ ಬರತೊಡಗಿದರು. ಹೋರ್ಲಿಕ್ಸ್ ಬಾಟಲಿ, ಬೂಸ್ಟ್ ಡಬ್ಬಿ ಎಲ್ಲ ಅವರೇ ತಂದರು.

ಕೆಲಸ ಹೇಗೆ ಎಂದು ಸ್ವಲ್ಪ ಹೇಳುತ್ತೇನೆ. ಕೈಯಲ್ಲಿ ಹಿಡಿದ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಅಂಥ ಎರಡು ತಗಡನ್ನು ಒಂದರ ಮೇಲೊಂದು ಇಟ್ಟು, ತೂತಿಗೆ ತೂತು ಕೂಡಿಸಿ, ಕ್ಲೀಕೋ ಎಂಬ ಸ್ಪ್ರಿಂಗಿನ ಪಿನ್ನುಗಳಿಂದ ತಾತ್ಕಾಲಿಕವಾಗಿ ಹಿಡಿಸುತ್ತೇವೆ. ತೂತನ್ನು ಸರಿಯಾದ ಅಳತೆಗೆ ಕೊರೆದು, ಮತ್ತೆ ಎಲ್ಲ ಬಿಚ್ಚಿ, ಪ್ರತಿ ತೂತಿನ ಅಂಚಿನ ಚೂಪನ್ನು ನಯ ಮಾಡುತ್ತೇವೆ. ಚೂಪು ಬಿಟ್ಟರೆ ಅಲ್ಲಿಂದಲೇ ಮುಂದೊಂದು ದಿನ ಬಿರುಕು ಹೊರಡುತ್ತದೆ. ಆಮೇಲೆ ಪ್ರೈಮರ್ ಬಳಿದು, ಮತ್ತೆ ಜೋಡಿಸಿ, ರಿವೆಟ್ ಹಾಕುತ್ತೇವೆ. ಒಂದು ಕಡೆ ಗಾಳಿಯ ಸುತ್ತಿಗೆ, ಹಿಂದೆ ಕೈಯಲ್ಲಿ ಒತ್ತಿ ಹಿಡಿದ ಉಕ್ಕಿನ ತುಂಡು. ನಡುವೆ ರಿವೆಟ್ಟಿನ ಬಾಲ ಚಪ್ಪಟೆಯಾಗುತ್ತದೆ. 3.2 ಮಿಲಿಮೀಟರ್ ದಪ್ಪದ ರಿವೆಟ್ಟಾದರೆ, ಚಪ್ಪಟೆಯಾದ ತಲೆ ಅದರ ಒಂದೂವರೆಯಷ್ಟು ಅಗಲ, ಅಂದರೆ 4.8, ಮತ್ತು ಅರ್ಧದಷ್ಟು ಎತ್ತರ, ಅಂದರೆ 1.6 ಬರಬೇಕು. ಕಡಿಮೆಯಾದರೆ ಹಿಡಿತ ಇಲ್ಲ. ಅತಿಯಾದರೆ ರಿವೆಟ್ಟೇ ಬಿರಿಯುತ್ತದೆ. ಕಣ್ಣಿಗೆ ಗಾಜು, ಕಿವಿಗೆ ಮುಚ್ಚಳ ಇಲ್ಲದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಬಂದು, "ಸಂಜೆ ಹೊತ್ತು ಹೊಡೀಬ್ಯಾಡಿ, ಎಮ್ಮೆ ಬೆದರಿ ಹಾಲು ಕೊಡ್ತಿಲ್ಲ" ಅಂದ ಮೇಲೆ ಸಂಜೆ ಐದರ ನಂತರ ಸುತ್ತಿಗೆ ನಿಲ್ಲಿಸಿದೆ.

ಇನ್ನೊಂದು ನಿಯಮ ಉಂಟು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡರಷ್ಟಾದರೂ ದೂರ ಇರಬೇಕು. ನಾನು ಹೇಳಿದ ರಿವೆಟ್ಟಿಗೆ 6.4 ಮಿಲಿಮೀಟರ್. ಅಂಚಿಗೆ ಹತ್ತಿರವಾದರೆ, ಭಾರ ಬಿದ್ದಾಗ ತಗಡು ಹರಿದು ರಿವೆಟ್ ಹೊರಗೆ ಬರುತ್ತದೆ. ಚೀಲದ ಹೊಲಿಗೆಯನ್ನು ಅಂಚಿಗೆ ಹಾಕಿದರೆ ಬಟ್ಟೆ ಕಿತ್ತುಬರುವುದಿಲ್ಲವೇ, ಹಾಗೆ.

ಈಗ, ಕೊನೆಗೆ ಹೇಳುತ್ತೇನೆ ಎಂದಿದ್ದ ಮಾತು.

ಬಾಲದ ಅಡ್ಡ ರೆಕ್ಕೆಯ ಹಿಂದಿನ ತೊಲೆಗೆ ಕೀಲಿನ ಬ್ರಾಕೆಟ್ ಕೂರಿಸುತ್ತಿದ್ದೆ. ವಿಮಾನ ಮೂತಿ ಎತ್ತಬೇಕಾದರೂ ಇಳಿಸಬೇಕಾದರೂ ತಿರುಗುವ ಎಲಿವೇಟರ್ ಎಂಬ ಪಟ್ಟಿ ನೇತಾಡುವುದು ಆ ಕೀಲಿನಲ್ಲೇ. ಹಿಡಿಸಿದ್ದ ಕ್ಲಾಂಪು ಸ್ವಲ್ಪ ಜಾರಿದ್ದು ನನಗೆ ಕಾಣಲಿಲ್ಲ. ಎರಡು ತೂತು ಅಂಚಿನ ಕಡೆ ಹೋದವು. ಮೂವತ್ತೈದು ವರ್ಷ ತಗಡಿನ ಕೆಲಸ ಮಾಡಿದವನು. ಕೊರೆದ ಕೂಡಲೇ ಕೈಗೆ ಗೊತ್ತಾಯಿತು. ಅಳೆಯಲಿಲ್ಲ. ಅಳೆದರೆ ಸಂಖ್ಯೆ ಬರುತ್ತದೆ, ಸಂಖ್ಯೆ ಬಂದರೆ ಒಪ್ಪಿಕೊಳ್ಳಬೇಕಾಗುತ್ತದೆ.

ಶನಿವಾರ ಬರುತ್ತಿದ್ದವರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅಳೆದು ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಅವಳು ಅಳತೆಪಟ್ಟಿ ಇಟ್ಟು ನೋಡಿ, "ತಾತ, ಇವೆರಡು ತೂತು ಅಂಚಿಗೆ ಹತ್ರ ಇದಾವಲ್ಲ?" ಅಂದಳು.

ನಾನು, "ಅದು ಹಾಗೇ ಇರಬೇಕಮ್ಮ, ಸರಿ ಇದೆ" ಅಂದೆ.

ಅವಳು ಸುಮ್ಮನಾದಳು. ಹಿರಿಯರು ಹೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ಮುಂದಿನ ವಾರ ರಿವೆಟ್ ಹೊಡೆದು, ಹೊದಿಕೆ ತಗಡು ಮುಚ್ಚಿದೆ. ಹೊರಗಿನಿಂದ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಲು ಬಂದವರೆಲ್ಲ ಹೊಗಳಿದರು. ನಾನೂ ಮರೆತೆ, ಅಥವಾ ಮರೆತವನಂತೆ ಇದ್ದೆ.

ಮೂರು ವಾರ ಕಳೆದು ಒಂದು ರಾತ್ರಿ ಕರೆಂಟು ಹೋಗಿತ್ತು. ಮುಂದಿನ ಕೆಲಸದ ಪಟ್ಟಿ ಮಾಡೋಣ ಎಂದು ಟಾರ್ಚು ಹಿಡಿದು ಆ ಪುಸ್ತಕ ತಿರುವಿ ಹಾಕಿದೆ. ಆ ಶನಿವಾರದ ಪುಟದಲ್ಲಿ ಅವಳ ದುಂಡು ಅಕ್ಷರ: "ಹಿಂದಿನ ತೊಲೆ, ಎಡಗಡೆ ಬ್ರಾಕೆಟ್, ಎರಡು ತೂತು, ಅಂಚಿಗೆ 4 ಮಿ.ಮೀ. ತಾತ ಸರಿ ಇದೆ ಅಂದರು."

ನಾನು ಅಳೆಯದೆ ಬಿಟ್ಟ ಸಂಖ್ಯೆ ಅಲ್ಲಿತ್ತು. ಅದರ ಪಕ್ಕದಲ್ಲಿ ನನ್ನ ಸುಳ್ಳೂ ಇತ್ತು. ಅವಳು ಚಾಡಿ ಹೇಳಿರಲಿಲ್ಲ, ಅನುಮಾನವನ್ನೂ ಪಟ್ಟಿರಲಿಲ್ಲ. ಕಂಡದ್ದನ್ನು ಬರೆದಿದ್ದಳು, ಕೇಳಿದ್ದನ್ನು ಬರೆದಿದ್ದಳು. ಈ ಹುಡುಗಿ ನಾಳೆ ಎಂಜಿನಿಯರ್ ಆಗಬಹುದು, ನರ್ಸ್ ಆಗಬಹುದು. ಅಂಚಿಗೆ 4 ಮಿಲಿಮೀಟರ್ ಇದ್ದರೂ ದೊಡ್ಡವರು ಹೇಳಿದರೆ ಸರಿ ಎಂಬ ಪಾಠವನ್ನು ನಾನೇ ಕಲಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಕಿತ್ತಿಟ್ಟ ಮೂರು ಸಾಲು ಕಲ್ಲು ಕಣ್ಣಿಗೆ ಕಟ್ಟಿತು. ಗಿಲಾವು ಮುಚ್ಚುತ್ತದೆ, ಹೊರುವುದಿಲ್ಲ. ಐವತ್ತು ವರ್ಷಕ್ಕೆ ಆ ಮಾತು ಅರ್ಥವಾಯಿತು.

ಬೆಳಗ್ಗೆ ನಮ್ಮ ಮನೆಯವರಿಗೆ ಹೇಳಿದೆ. "ಬಿಚ್ಚಿ" ಅಂದರು, ಅಷ್ಟೇ. ಮುಂದಿನ ಶನಿವಾರ ಮಕ್ಕಳ ಎದುರಿಗೆ ಆ ಹುಡುಗಿಗೆ, "ಅವತ್ತು ನಾನು ಹೇಳಿದ್ದು ಸುಳ್ಳು. ನಿನ್ನ ಅಳತೆ ಸರಿ, ನನ್ನ ಮಾತು ತಪ್ಪು" ಅಂದೆ. ಅವಳು ಪುಸ್ತಕ ತೆಗೆದು, ಹಳೆಯದನ್ನು ಹೊಡೆದು ಹಾಕದೆ, ಕೆಳಗೆ ತಾರೀಕು ಹಾಕಿ, "ತಾತ ಸರಿ ಇಲ್ಲ ಅಂದರು" ಎಂದು ಬರೆದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಹೊದಿಕೆಯ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆದೆವು. ರಿವೆಟ್ ಹೊಡೆಯುವುದಕ್ಕಿಂತ ತೆಗೆಯುವುದು ಕಷ್ಟ; ತಲೆಯ ನಡುವಿಗೆ ಸರಿಯಾಗಿ ಕೊರೆಯದಿದ್ದರೆ ಒಳ್ಳೆಯ ತೂತೂ ಹಾಳಾಗುತ್ತದೆ. ಹೊಸ ತೊಲೆಗೆ ಬರೆದು, ಅದು ಬರಲು ಏಳು ತಿಂಗಳು. ಬಾಲವನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ಈ ಸಲ ಪ್ರತಿ ತೂತಿಗೂ ಇಬ್ಬರ ಕಣ್ಣು: ಕೊರೆಯುವವನು ಒಬ್ಬ, ಅಳೆಯುವವರು ಇನ್ನೊಬ್ಬರು, ಇಬ್ಬರ ಸಹಿ. ಈ ನಿಯಮವನ್ನು ನಾನು ಮೊದಲ ದಿನವೇ ಹಾಕಿಕೊಳ್ಳಬೇಕಿತ್ತು. ಆಸೆಯಿರುವವರಿಗೆ ನನ್ನ ಆರನೆಯ ಮತ್ತು ಕೊನೆಯ ಸಲಹೆ ಇದೇ: ಒಬ್ಬರೇ ಕಟ್ಟಬೇಡಿ. ನಿಮ್ಮ ತಪ್ಪನ್ನು ಹೆದರದೆ ಹೇಳುವ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳಿ. ಅವರು ಹೇಳಿದಾಗ ವಯಸ್ಸು ನೋಡಬೇಡಿ, ಅಳತೆ ನೋಡಿ.

"ಹಾರದೇ ಹೋದರೆ?" ಎಂದು ಒಮ್ಮೆ ನಮ್ಮ ಮನೆಯವರು ಕೇಳಿದರು. ನನಗೀಗ ಅರವತ್ತಮೂರು. ರೆಕ್ಕೆ ಆಗಬೇಕು, ಮೈ ಆಗಬೇಕು, ಎಂಜಿನ್ ಆಗಬೇಕು. ಆಮೇಲೆ ಎಲ್ಲ ಬಿಚ್ಚಿ, ಲಾರಿಯಲ್ಲಿ ವಿಮಾನ ನಿಲ್ದಾಣವೊಂದಕ್ಕೆ ಒಯ್ದು, ಅಲ್ಲಿ ಜೋಡಿಸಿ, ತಪಾಸಣೆ ಆಗಿ, ಅನುಮತಿ ಸಿಕ್ಕಿ, ಬಲ್ಲ ಪೈಲಟ್ ಹಾರಿಸಬೇಕು. ಆಗಬಹುದು, ಆಗದೇ ಇರಬಹುದು. ಆದರೆ ಮುಗಿದಿರುವ ಬಾಲ ಹಾರಲು ಯೋಗ್ಯವಾಗಿದೆ. ಅದರಲ್ಲಿ ಮುಚ್ಚಿಟ್ಟ ಯಾವ ತೂತೂ ಇಲ್ಲ. ನಾನು ಮುಗಿಸದಿದ್ದರೆ, ನಂಬಿ ಮುಂದುವರಿಸಬಹುದಾದ ಕೆಲಸ ಇನ್ನೊಬ್ಬರಿಗೆ ಉಳಿಯುತ್ತದೆ. ಅಪ್ಪ ಬಿಟ್ಟುಹೋದ ಗೋಡೆಯೂ ಹಾಗೇ ಉಳಿದಿದೆ. ಐವತ್ತು ಮಳೆಗಾಲ ಕಳೆಯಿತು. ಬೆಳಗ್ಗೆ ತೂಗುಗುಂಡು ಹಿಡಿದು ನೋಡಿ ಬಂದೆ. ನೆಟ್ಟಗಿದೆ.

ಸುವರ್ಣ ಮಹೋತ್ಸವಕ್ಕೆ ಎಲ್ಲರೂ ಏನಾದರೂ ಕೊಡುತ್ತಿದ್ದಾರೆ. ಬೀರು, ಕುರ್ಚಿ, ಕಂಪ್ಯೂಟರ್ ಬಂದಿವೆ. ನನ್ನ ಕಡೆಯಿಂದ ಎರಡು ಸಾಮಾನು. ಒಂದು, ಅಭ್ಯಾಸಕ್ಕೆಂದು ಒಂದು ಪೆಟ್ಟಿಗೆ: ತಗಡಿನ ತುಂಡುಗಳು, ಕೈ ಡ್ರಿಲ್ಲು, ಅರ, ರಿವೆಟ್ಟು, ಅಳತೆಪಟ್ಟಿ, ನಾಲ್ಕು ಜೊತೆ ಕಣ್ಣಿನ ಗಾಜು. ಶನಿವಾರ ನಾನೇ ಬಂದು ಕಲಿಸುತ್ತೇನೆ, ಮುಖ್ಯೋಪಾಧ್ಯಾಯರು ಒಪ್ಪಿದರೆ.

ಇನ್ನೊಂದು, ಇಗೋ, ಈ ತೊಲೆ. ಕೆಟ್ಟದ್ದು. ಇದರ ಎಡ ತುದಿಯಲ್ಲಿ ಎರಡು ತೂತಿವೆ. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ವಿಜ್ಞಾನದ ಕೋಣೆಯಲ್ಲಿ, ಮಕ್ಕಳ ಕೈಗೆ ಎಟುಕುವಂತೆ ತೂಗುಹಾಕಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ವರ್ಷ ಎಂಟನೇ ತರಗತಿಗೆ ಬಂದ ಮಕ್ಕಳು ತಾವೇ ಅಳೆದು ನೋಡಲಿ. ಎಷ್ಟು ಬರಬೇಕಿತ್ತು, ಎಷ್ಟಿದೆ ಎಂದು ಅವರೇ ಹೇಳಲಿ. ಪಕ್ಕದಲ್ಲಿ ನಿಂತ ಮೇಷ್ಟ್ರು, ದಯವಿಟ್ಟು, ಉತ್ತರ ಹೇಳಿಕೊಡಬೇಡಿ.

ಆ ಹುಡುಗಿ ಈ ಸಭೆಯಲ್ಲೇ ಇದ್ದಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ, ಹೇಳುವುದಿಲ್ಲ. ರೆಕ್ಕೆಯ ಪೆಟ್ಟಿಗೆ ಮುಂದಿನ ತಿಂಗಳು ಬರುತ್ತದೆ. ಈ ಸಲ ವಿಳಾಸದಲ್ಲಿ ಗುಬ್ಬಿ ತಾಲ್ಲೂಕು ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಎಣಿಸಲು ಜನ ಬೇಕು, ಬನ್ನಿ.